ಮಲ್ಲಿಗೆಗೆ ಮದ್ದು ಬಿಟ್ಟ ಮರುದಿನ

ನನ್ನ ಬೀಳ್ಕೊಡುಗೆಯ ದಿನ ಮೂವರು ಭಾಷಣ ಮಾಡಿದರು. ಮೂವರೂ ಪೋಲಿಯೋ ಹನಿಯನ್ನೇ ಹಿಡಿದುಕೊಂಡರು. ಬಿಸಿಲು ಮಳೆ ಎನ್ನದೆ ಮನೆಮನೆ ಸುತ್ತಿದ ತಾಯಿ ಎಂದರು, ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸುತ್ತಿದ್ದು ಸುಳ್ಳಲ್ಲ. ಆದರೆ ಆ ತಾಯಿಯನ್ನು ನಾಯಿಗಳು ಎಷ್ಟು ದೂರ ಅಟ್ಟಿಸಿಕೊಂಡು ಬಂದಿದ್ದವು ಎಂಬುದನ್ನು ಯಾರೂ ಹೇಳಲಿಲ್ಲ. ಮನೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಮೇಲೆ ನಾಲ್ಕು ಸೇಬು, ಕೆಳಗೆ ಪೂರ್ತಿ ಬೈಹುಲ್ಲು. ನನ್ನ ನೌಕರಿಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಹೊರಗಿನವರಿಗೆ ಕಂಡದ್ದು ಮೇಲಿನ ಸೇಬು ಮಾತ್ರ.

ಅದೇ ದಿನ ನನ್ನ ಜಾಗಕ್ಕೆ ಬಂದ ಹುಡುಗಿ, ಅನುಷಾ ಎಂದು ಹೆಸರು, ಘಟ್ಟದ ಮೇಲಿನವಳು, ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಮೇಡಂ, ಈ ಕಡೆ ಯಾವ ಥರದ ಕೇಸ್ ಜಾಸ್ತಿ ಬರ್ತಾವೆ?"

"ಜ್ವರ, ಹೆರಿಗೆ, ಹಾವು ಕಚ್ಚಿದ್ದು ಎಲ್ಲ ಉಂಟು. ಅದನ್ನೆಲ್ಲ ನಿನಗೆ ಕಾಲೇಜಿನಲ್ಲಿ ಕಲಿಸಿರ್ತಾರೆ. ಮದ್ದಿನ ಕೇಸು ಮಾತ್ರ ಇಲ್ಲಿಗೆ ಬಂದೇ ಕಲೀಬೇಕು" ಎಂದೆ.

"ಅಂದ್ರೆ, ವಿಷ ಕುಡಿದಿರೋರಾ?"

"ಕುಡಿದವರು ಬಂದ್ರೆ ಎಲ್ಲರಿಗೂ ಗೊತ್ತಾಗ್ತದೆ. ನಾನು ಹೇಳುದು ಕುಡಿಯದೇ ಬರುವವರ ವಿಷಯ."

ಅವಳು ಕಣ್ಣರಳಿಸಿದಳು. ಅಷ್ಟರಲ್ಲಿ ಕೇಕು ಕತ್ತರಿಸಲು ನನ್ನನ್ನು ಕರೆದರು, ಮಾತು ಅರ್ಧಕ್ಕೆ ನಿಂತಿತು. ಉಳಿದ ಅರ್ಧವನ್ನು ಅವಳಿಗಾಗಿ, ಅವಳಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೀಟನಾಶಕ ಎಂಬ ಮಾತನ್ನು ಬಳಸುವುದು ಸರಕಾರಿ ಕಾಗದ ಮಾತ್ರ. ಜನ ಅದನ್ನು ಮದ್ದು ಎನ್ನುತ್ತಾರೆ, ಸಿಂಪಡಿಸುವುದಕ್ಕೆ ಮದ್ದು ಬಿಡುವುದು ಎನ್ನುತ್ತಾರೆ. ಊರಿಗೊಬ್ಬ ಇಬ್ಬರು ಮದ್ದು ಬಿಡುವವರು ಇರುತ್ತಾರೆ. ಅವರ ಮನೆಯ ಬಚ್ಚಲಿನ ಹಿಂದೆ ಒಂದು ಮೊಳೆಗೆ ಮದ್ದಿನ ಅಂಗಿ ನೇತಾಡುತ್ತಿರುತ್ತದೆ. ಆ ಅಂಗಿಯನ್ನು ತೊಳೆಯುವ ಕ್ರಮ ಇಲ್ಲ. ನಾಳೆಯೂ ಕೊಳೆಯಾಗುವುದನ್ನು ಇವತ್ತು ಯಾಕೆ ತೊಳೆಯುವುದು ಎಂಬುದು ಅವರ ಲೆಕ್ಕ. ಈ ಅಂಗಿಯ ಮಹಿಮೆ ನನಗೆ ತಿಳಿದದ್ದು ನೌಕರಿಯ ಶುರುವಿನಲ್ಲೇ, ಮುಂಡಾಜೆಯಿಂದ ಸ್ವಲ್ಪ ಆಚೆಗೆ ಚಾರ್ಮಾಡಿ ರಸ್ತೆಯಲ್ಲಿದ್ದ ಒಂದು ಸಣ್ಣ ಆಸ್ಪತ್ರೆಯಲ್ಲಿ.

ಅಲ್ಲಿದ್ದವರು ಶೆಣೈ ಡಾಕ್ಟರು. ಬೈಗುಳದಲ್ಲಿ ಎತ್ತಿದ ಕೈ, ಮನಸ್ಸು ಮಾತ್ರ ಬೆಣ್ಣೆ. ನಶ್ಯ ಏರಿಸಿ ಏರಿಸಿ ಅವರ ಮೂಗು ಕೆಟ್ಟುಹೋಗಿತ್ತು, ಗಂಧವೂ ಒಂದೇ, ಗೊಬ್ಬರವೂ ಒಂದೇ. "ನೋಡು, ಮೂಗು ನಿನ್ನದು, ಕಣ್ಣು ನನ್ನದು. ಇಬ್ಬರೂ ಸೇರಿದ್ರೆ ಒಬ್ಬ ಡಾಕ್ಟರ್" ಎನ್ನುತ್ತಿದ್ದರು. ಹಾಗಾಗಿ ರೋಗಿ ಜೀಪಿನಿಂದ ಇಳಿಯುತ್ತಿದ್ದಂತೆ ಹತ್ತಿರ ಹೋಗಿ ಮೂಸುವುದು ನನ್ನ ಕೆಲಸ. ಹೊಸದಾಗಿ ಸೇರಿದ ನನಗೆ ನಾಚಿಕೆಯಾಗುತ್ತಿತ್ತು.

ಒಂದು ದಿನ ಗದ್ದೆಗೆ ಮದ್ದು ಬಿಡುವ ಬಾಬು ಎಂಬವನನ್ನು ಎತ್ತಿಕೊಂಡು ಬಂದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕೈಕಾಲು ಅದುರುತ್ತಿತ್ತು. ತಂದವರು ಆರಾಮವಾಗಿ ಬೀಡಿ ಹಚ್ಚಿದರು.

"ಏನಿಲ್ಲ ಬಾಯಮ್ಮ, ನಿನ್ನೆ ಸಂಜೆಯದ್ದು ಇಳೀಲಿಲ್ಲ" ಎಂದ ಒಬ್ಬ. ಹಳಬರು ನರ್ಸನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು.

ಬಾಬು ಕುಡಿಯುತ್ತಿದ್ದವನೇ. ಆದರೆ ನನ್ನ ಮೂಗಿಗೆ ಬಡಿದದ್ದು ಸಾರಾಯಿಯ ವಾಸನೆ ಅಲ್ಲ, ಬೆಳ್ಳುಳ್ಳಿ ಕೊಳೆತಂಥ ಒಂದು ವಾಸನೆ. ಹೇಳಿದೆ. ಡಾಕ್ಟರು ಅವನ ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ಕುಡಿದದ್ದಲ್ಲ, ಮೈಗೆ ಇಳಿದದ್ದು. ಬಟ್ಟೆ ತೆಗೆ, ಸಾಬೂನು ತಾ!" ಎಂದು ಕೂಗಿದರು. ಮೀಯಿಸಿದೆವು, ಇಂಜೆಕ್ಷನ್ ಶುರು ಮಾಡಿದೆವು. ಆ ಇಂಜೆಕ್ಷನ್ನಿಗೆ ಆಗ ಒಂದೇ ಅಳತೆ, ರೋಗಿಯ ಬಾಯಿ ಒಣಗುವ ತನಕ ಕೊಡುತ್ತಲೇ ಇರಬೇಕು. ಡಾಕ್ಟರು ನಿಮಿಷಕ್ಕೊಮ್ಮೆ "ಒಣಗಿತಾ?" ಎನ್ನುವುದು, ನಾನು ಬಾಬುವಿನ ಬಾಯಿಗೆ ಬೆರಳು ಹಾಕಿ "ಇಲ್ಲ ಡಾಕ್ಟ್ರೇ" ಎನ್ನುವುದು. ಕೊನೆಗೆ ಅವನೇ "ನೀರು" ಎಂದಾಗ ಡಾಕ್ಟರು ಆ ಮಾತನ್ನು ಪರೀಕ್ಷೆಯ ಫಲಿತಾಂಶ ಕೇಳಿದವರಂತೆ ಕೇಳಿ ಒಂದು ಚಿಟಿಕೆ ನಶ್ಯ ಏರಿಸಿದರು.

ಊಟ ಮಾಡಿ ಬರುವಷ್ಟರಲ್ಲಿ ಬಾಬು ಮತ್ತೆ ಬೆವರುತ್ತಿದ್ದ, ಮತ್ತೆ ಜೊಲ್ಲು. ನಮಗೆ ತಲೆಬುಡ ತಿಳಿಯಲಿಲ್ಲ. ಡಾಕ್ಟರು ಕಂಪೌಂಡರಿಗೆ ಬೈದರು, ನನಗೆ ಬೈದರು, ಔಷಧಿ ಕಳಿಸಿದ ಉಗ್ರಾಣಕ್ಕೆ ಬೈದರು. ಆಮೇಲೆ ಹೊದಿಕೆ ಸರಿಸಿ ನೋಡಿದರೆ ಮೈಮೇಲೆ ಅದೇ ಮದ್ದಿನ ಅಂಗಿ! ಅವನ ಹೆಂಡತಿ, ಗಂಡ ಬರಿಮೈಯಲ್ಲಿ ಮಲಗಿದ್ದಾನಲ್ಲ ಎಂದು, ನಾವು ಕಿಟಕಿಯ ಹೊರಗೆ ಎಸೆದಿದ್ದ ಅಂಗಿಯನ್ನು ಹೆಕ್ಕಿ ತಂದು ತೊಡಿಸಿದ್ದಳು. ಯಾರೋ ಧಣಿಗಳ ಮಗ ಗಲ್ಫಿನಿಂದ ತಂದು ಹಳತಾದ ಮೇಲೆ ಕೊಟ್ಟದ್ದು, ದಪ್ಪ ಬಟ್ಟೆ, ತುಂಬು ತೋಳು.

"ಆಸ್ಪತ್ರೆಯಲ್ಲಿ ದೊಡ್ಡವರೆಲ್ಲ ಬರ್ತಾರೆ. ಒಳ್ಳೆ ಅಂಗಿ ಬೇಡ್ವಾ?" ಎಂದಳು ಅವಳು.

ಶೆಣೈ ಡಾಕ್ಟರು ಬೈಯಲು ಬಾಯಿ ತೆರೆದವರು ಬೈಯದೆ ಆ ಅಂಗಿಯನ್ನು ತಾವೇ ಬಿಚ್ಚಿ ತೆಗೆದರು. ಬಾಬು ಬದುಕಿದ. ದಪ್ಪ ಅಂಗಿ ಕಾಪಾಡುತ್ತದೆ ಎಂದು ಊರಿಡೀ ನಂಬಿತ್ತು. ನೆನೆದ ದಪ್ಪ ಬಟ್ಟೆ ಮೈಗೆ ಅಂಟಿಕೊಂಡು ದಿನವಿಡೀ ವಿಷ ಇಳಿಸುತ್ತದೆ ಎಂಬುದನ್ನು ಮನೆಮನೆಯಲ್ಲಿ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆ ಡಾಕ್ಟರು ಈಗ ಇಲ್ಲ.

ಅಲ್ಲಿಂದ ನನ್ನನ್ನು ವಿಟ್ಲದ ಕಡೆಗೆ ಹಾಕಿದರು. ಅಲ್ಲಿದ್ದಾಗ ಮೇಲಿನವರಿಗೆ ಒಮ್ಮೆಗೇ ಜ್ಞಾನೋದಯವಾಗಿ, ಮದ್ದು ಬಿಡುವವರಿಗೆಲ್ಲ ಹಂಚಲು ರಬ್ಬರ್ ಗ್ಲೌಸು, ಕನ್ನಡಕ, ಮಾಸ್ಕುಗಳ ಮೂಟೆ ಬಂತು. ಶಾಲೆಯ ಜಗಲಿಯಲ್ಲಿ ಸಭೆ. ಅಧಿಕಾರಿಯೊಬ್ಬರು ಅರ್ಥವಾಗದ ಕನ್ನಡದಲ್ಲಿ ಉದ್ದಕ್ಕೆ ಮಾತಾಡಿದರು. ಕೊನೆಗೆ ಎದ್ದು ನಿಂತ ಮುದುಕನೊಬ್ಬ, "ಸಾರ್, ಇದನ್ನೆಲ್ಲ ಹಾಕಿಕೊಂಡು ಏಪ್ರಿಲ್ ತಿಂಗಳಲ್ಲಿ ನೀವೊಮ್ಮೆ ಪಂಪು ಬೆನ್ನಿಗೆ ಕಟ್ಟಿ ತೋರಿಸ್ತೀರಾ?" ಎಂದು ಬಹಳ ವಿನಯದಿಂದ ಕೇಳಿದ. ಸಭೆ ಅಲ್ಲಿಗೇ ಮುಗಿಯಿತು, ಚಹಾ ಬಂತು.

ಸ್ವಲ್ಪ ದಿನ ಕಳೆದು ಮನೆ ಭೇಟಿಗೆ ಹೋದಾಗ ಗ್ಲೌಸುಗಳು ಒಳ್ಳೆಯ ಉಪಯೋಗದಲ್ಲಿದ್ದವು. ಹೆಂಗಸರು ಅದನ್ನು ಹಾಕಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದರು, ಮೇಣ ಕೈಗೆ ಅಂಟುವುದಿಲ್ಲವಂತೆ. ಕನ್ನಡಕಗಳೆಲ್ಲ ಬೈಕು ಹತ್ತಿದ್ದವು. ನಗು ತಡೆಯಲಾಗದೆ ನಾನೂ ಒಂದು ಮನೆಯಲ್ಲಿ ಕುಳಿತು ಹಲಸಿನ ತೊಳೆ ತಿಂದು ಬಂದೆ.

ವಿಟ್ಲದಲ್ಲಿ ನನಗೆ ನಿಜವಾಗಿ ಸಹಾಯವಾದದ್ದು ಹಮೀದಾಕ, ಮದ್ದು ಗೊಬ್ಬರದ ಅಂಗಡಿಯ ಬ್ಯಾರಿ. ಡಬ್ಬಿಯ ಮೇಲಿನ ಬಣ್ಣದ ಗುರುತು ನೋಡಲು ಕಲಿಸಿದ್ದು ಅವರೇ. ಕೆಂಪು ಇದ್ದರೆ ಎಲ್ಲಕ್ಕಿಂತ ಕೆಟ್ಟದ್ದು, ಮತ್ತೆ ಹಳದಿ, ನೀಲಿ, ಹಸಿರು. "ಸಿಸ್ಟ್ರೇ, ಮಾರುದು ನನ್ನ ಕಸುಬು, ಇಲ್ಲ ಅನ್ನುದಿಲ್ಲ. ಆದ್ರೆ ಖಾಲಿ ಡಬ್ಬಿಯಲ್ಲಿ ಜನ ಎಂತ ಮಾಡ್ತಾರೆ ಅಂತ ಒಮ್ಮೆ ನೋಡಿ. ಬಚ್ಚಲಲ್ಲಿ ಚೊಂಬು ಅದೇ ಮಾರಾಯ್ರೆ!" ಎಂದಿದ್ದರು. ಹೋಗಿ ನೋಡಿದರೆ ಹೌದು. ಡಬ್ಬಿಯ ಬಾಯಿ ಕತ್ತರಿಸಿ, ಚೆಂದದ ಹಿಡಿಕೆ ಇಟ್ಟು, ಮಗುವಿಗೆ ಅದರಲ್ಲೇ ಸ್ನಾನ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಬಚ್ಚಲಿಗೆ ಇಣುಕುವ ಅಭ್ಯಾಸ ನನಗೆ. ಸಂಬಂಧಿಕರ ಮದುವೆ ಮನೆಗಳಲ್ಲೂ ಇಣುಕಿ ಬೈಸಿಕೊಂಡದ್ದುಂಟು.

ಕಾಲ ಬದಲಾಯಿತು. ಜೀಪು ಹುಡುಕುತ್ತಿದ್ದವರಿಗೆ ಆಂಬ್ಯುಲೆನ್ಸ್ ಬಂತು. "ಡಬ್ಬಿ ತನ್ನಿ, ಡಬ್ಬಿ ತನ್ನಿ" ಎಂದು ಬಾಯಿ ಬಡಿದುಕೊಳ್ಳುತ್ತಿದ್ದವಳಿಗೆ ವಾಟ್ಸ್ಆ್ಯಪಿನಲ್ಲಿ ಡಬ್ಬಿಯ ಫೋಟೋ ಬರತೊಡಗಿತು. ರೋಗಿ ಬರುವ ಮೊದಲೇ ಯಾವ ಮದ್ದು ಎಂದು ಗೊತ್ತಾಗುವುದು ಸಣ್ಣ ಸಂಗತಿಯಲ್ಲ. ಆದರೆ ಅನುಷಾ, ಒಂದು ಮಾತು. ಡಬ್ಬಿಯನ್ನು ಮುಟ್ಟದವರ ಫೋಟೋ ಯಾರೂ ಕಳಿಸುವುದಿಲ್ಲ. ಲಲಿತಾಳ ಕತೆ ಅಂಥದ್ದು. ನಾನು ಕೊನೆಯದಾಗಿ ಕೆಲಸ ಮಾಡಿದ ಮೂಡುಬಿದಿರೆ ಕಡೆಯದ್ದು.

ಅಲ್ಲಿ ಪದ್ಮಾವತಿ ಅಮ್ಮ ಎಂಬ ಹಿರಿಯ ಜೈನ ಹೆಂಗಸಿನ ಮಲ್ಲಿಗೆ ತೋಟ ಇತ್ತು. ಊರ ಬಸದಿಯ ಉಸ್ತುವಾರಿ ಅವರ ಮನೆತನದ್ದು. ನೀರು ಸೋಸದೆ ಕುಡಿಯುವವರಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ, ಇರುವೆಯ ಸಾಲು ಕಂಡರೆ ಪೊರಕೆ ಪಕ್ಕಕ್ಕಿಟ್ಟು ಕಾಯುವವರು. ಬಿ.ಪಿ. ನೋಡಲು ನಾನು ಆಗಾಗ ಹೋಗುತ್ತಿದ್ದೆ. ಬಿ.ಪಿ. ಎಷ್ಟಿದ್ದರೂ ಅವರು ಕೇಳುತ್ತಿದ್ದದ್ದು "ಊಟ ಆಯ್ತಾ ಸಿಸ್ಟರ್?" ಎಂದು.

ತೋಟದ ಮೂಲೆಯ ಬಿಡಾರದಲ್ಲಿ ಲಲಿತಾ, ಅವಳ ಗಂಡ ವಸಂತ, ಅತ್ತೆ ಇದ್ದರು. ತೋಟಕ್ಕೆ ಮದ್ದು ಬಿಡುವವನು ವಸಂತ, ಮೊಗ್ಗು ಕೊಯ್ಯುವವಳು ಲಲಿತಾ. ಮಲ್ಲಿಗೆ ಮೊಗ್ಗನ್ನು ಬೆಳಕು ಹರಿಯುವ ಮೊದಲೇ ಕೊಯ್ಯಬೇಕು, ಬಿಸಿಲೇರುವುದರೊಳಗೆ ಕಟ್ಟಿ ಮುಗಿಸಬೇಕು. ತಲೆಗೆ ಟಾರ್ಚು ಕಟ್ಟಿಕೊಂಡು, ಇಬ್ಬನಿಗೆ ಒದ್ದೆಯಾದ ಬರಿಗೈಯಲ್ಲಿ ಕೊಯ್ದು, ಆಮೇಲೆ ಬಾಳೆನಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಹೂ ಕಟ್ಟುತ್ತಿದ್ದಳು. ಅವಳ ಕೈ ಓಡುವುದನ್ನು ನೋಡಲು ನಾನು ಕೆಲಸ ಬಿಟ್ಟು ನಿಲ್ಲುತ್ತಿದ್ದೆ.

ಲಲಿತಾಳ ಮೊದಲ ಬಸಿರು ಐದನೇ ತಿಂಗಳಲ್ಲಿ ಹೋಗಿತ್ತು. ಈಗ ಎರಡನೆಯದು, ಆರು ತುಂಬಿತ್ತು. ಈ ಮಗುವಾದರೂ ಉಳಿಯಬೇಕು ಎಂಬುದು ಆ ಬಿಡಾರದ ಒಂದೇ ಪ್ರಾರ್ಥನೆ. ಆದರೆ ಅವಳಿಗೆ ನಡುನಡುವೆ ಏನೋ ಆಗುತ್ತಿತ್ತು. ಬೆಳಿಗ್ಗೆ ವಾಂತಿ, ತಲೆನೋವು, ಬಾಯಲ್ಲಿ ನೀರು, ಕಣ್ಣು ಮಂಜು, ರೆಪ್ಪೆ ಪಟಪಟ. ಮಧ್ಯಾಹ್ನ ದಾಟಿದರೆ ತನ್ನಿಂದ ತಾನೇ ಇಳಿಯುತ್ತಿತ್ತು. ಬಸುರಿ ವಾಂತಿ ಎಂದರು ಎಲ್ಲರೂ. ಆರು ತಿಂಗಳಿಗೆ ಎಂಥ ಬಸುರಿ ವಾಂತಿ? ಒಂದು ಸಲ ಟಾರ್ಚು ಬಿಟ್ಟು ನೋಡಿದೆ, ಪಾಪೆ ಕುಗ್ಗಿ ಹೋಗಿತ್ತು.

"ನೀನು ಮದ್ದು ಮುಟ್ಟಿದ್ದೀಯಾ ಲಲಿತಾ?"

"ಇಲ್ಲ ಸಿಸ್ಟರ್. ಅದು ಇವರ ಕೆಲಸ. ಇವರು ಬಿಡುವಾಗ ನಾನು ತೋಟಕ್ಕೆ ಹೋಗುದೇ ಇಲ್ಲ."

ಅದು ನಿಜವೇ. ಹೂ ಕೊಯ್ದು ಮುಗಿದ ಮೇಲೆ, ಬಿಸಿಲಲ್ಲಿ ವಸಂತ ಮದ್ದು ಬಿಡುತ್ತಿದ್ದ. ಮಾರನೇ ದಿನದ ಕೊಯ್ಲಿಗೆ ಒಂದು ಹಗಲು, ಒಂದು ರಾತ್ರಿ ಕಳೆದಿರುತ್ತಿತ್ತು. ಅದೂ ಸಾಲದು ಎನ್ನಿ, ಆದರೂ ಅಂಥ ಮರುದಿನಗಳಲ್ಲಿ ಅವಳು ಚೆನ್ನಾಗಿಯೇ ಇರುತ್ತಿದ್ದಳು.

ಅತ್ತೆಗೆ ಕಾರಣ ಗೊತ್ತಿತ್ತು. "ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂತು ಅಂದ್ರೆ ಇವಳಿಗೆ ಹೀಗೇ ಬಾಯಮ್ಮ. ಇದು ನಿಮ್ಮ ಮಾತ್ರೆಗೆ ಹೋಗುವಂಥದ್ದಲ್ಲ. ಪ್ರೇತದ ಉಪದ್ರ ಉಂಟು. ಮೊದಲಿನ ಪಿಂಡ ತೆಗೆದದ್ದೂ ಅದೇ" ಎಂದರು. ಆಗಲೇ ಲಲಿತಾಳ ರಟ್ಟೆಗೆ ಕಪ್ಪು ನೂಲು ಬಂದಿತ್ತು. ಈ ಸಲವೂ ಮಗು ಉಳಿಯದಿದ್ದರೆ ಸೊಸೆಯನ್ನು ತಾಯಿ ಮನೆಗೆ ಕಳಿಸುವುದೇ ಸರಿ ಎಂದು ಅವರು ನನ್ನೆದುರೇ ಹೇಳಿದರು. ಲಲಿತಾ ತಲೆ ತಗ್ಗಿಸಿ ನಾರು ಸಿಗಿಯುತ್ತ ಕುಳಿತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಏನೆಂದು ಹೇಳಲಿ?

ನಮ್ಮ ಹೊಸ ಡಾಕ್ಟರು ಸ್ಮಿತಾ, ಚುರುಕಿನ ಹುಡುಗಿ, ಮಂಗಳೂರಿಗೆ ರಕ್ತ ಕಳಿಸಿ ಪರೀಕ್ಷೆ ಮಾಡಿಸಿದರು. ಆ ಜಾತಿಯ ಮದ್ದು ಮೈಗೆ ಹೊಕ್ಕರೆ ಕಡಿಮೆಯಾಗುವ ಒಂದು ಅಂಶ ರಕ್ತದಲ್ಲಿ ಉಂಟು. ಲಲಿತಾಳಲ್ಲಿ ಅದು ಕಡಿಮೆ ಇತ್ತು. "ಆದರೆ ಸಿಸ್ಟರ್, ಬಸುರಿಯರಲ್ಲಿ ಇದು ಹೇಗೂ ಸ್ವಲ್ಪ ಕಡಿಮೆಯೇ. ಇದೊಂದನ್ನೇ ಹಿಡ್ಕೊಂಡು ನಾನು ಏನೂ ಹೇಳೋ ಹಾಗಿಲ್ಲ" ಎಂದರು ಬೇಸರದಿಂದ. ನಮ್ಮ ಕೆಲಸದಲ್ಲಿ ಹೆಚ್ಚಿನ ಸಲ ಹೀಗೆಯೇ. ಪರೀಕ್ಷೆ ಬಾಗಿಲ ತನಕ ಕರೆದುಕೊಂಡು ಹೋಗುತ್ತದೆ, ಒಳಗೆ ನಾವೇ ಹೋಗಬೇಕು.

ಹೋದದ್ದು ಆಕಸ್ಮಿಕವಾಗಿ. ಒಂದು ಬೆಳಿಗ್ಗೆ ಲಲಿತಾಳಿಗೆ ಮತ್ತೆ ಹಾಗಾಗಿದೆ ಎಂದು ಫೋನು ಬಂತು. ಹೋದೆ. ಬಿಡಾರದ ಹೊರಗೆ ಗೋಡೆಗೆ ಒರಗಿ ಕುಳಿತಿದ್ದಳು, ಮುಖ ಬಿಳಿಚಿತ್ತು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಮಗುವಿನ ಎದೆಬಡಿತ ಕೇಳಿಸುವ ತನಕ ನಾನು ಉಸಿರು ಬಿಡಲಿಲ್ಲ. ಕೇಳಿಸಿತು. ಆಂಬ್ಯುಲೆನ್ಸಿಗೆ ಹೇಳಿ, ಕೈ ಮುಖ ತೊಳೆಸಿ, ಬಟ್ಟೆ ಬದಲಿಸಿ, ಕುಡಿಯುವ ನೀರು ಕೇಳಲು ಪದ್ಮಾವತಿ ಅಮ್ಮನ ಮನೆಗೆ ಓಡಿದೆ. ಅಮ್ಮ ಜಗಲಿಯಲ್ಲಿ ಜಪಮಾಲೆ ಹಿಡಿದಿದ್ದರು.

"ನನಗೆ ಇವತ್ತು ಒಪ್ಪೊತ್ತು. ನಿಮಗೆ ಮಜ್ಜಿಗೆ ಕೊಡ್ಲಾ ಸಿಸ್ಟರ್?" ಎಂದರು.

"ಇವತ್ತು ಎಂತ ವಿಶೇಷ ಅಮ್ಮ?"

"ಚತುರ್ದಶಿ ಅಲ್ವಾ. ಅಷ್ಟಮಿ, ಚತುರ್ದಶಿ ನಮಗೆ ಪರ್ವ. ಹಸಿರು ತರಕಾರಿ ಕೂಡ ಕೊಯ್ಯುದಿಲ್ಲ. ಹೂ ಒಂದು ಕೊಯ್ಯದೆ ಆಗುದಿಲ್ಲ, ಗಿಡ ಕೆಡ್ತದೆ. ಆದ್ರೆ ಮದ್ದು ಬಿಡ್ಲಿಕ್ಕೆ ನಾನು ಖಂಡಿತ ಒಪ್ಪುದಿಲ್ಲ. ಕೃಷಿ ಅಂದ ಮೇಲೆ ಸ್ವಲ್ಪ ಹಿಂಸೆ ತಪ್ಪುದಿಲ್ಲ, ಪರ್ವದ ದಿವಸ ಆದ್ರೂ ಹುಳ ಸಾಯುದು ಬೇಡ. ವಸಂತನಿಗೆ ಗೊತ್ತುಂಟು. ಹಿಂದಿನ ದಿನ ಸಂಜೆಯೇ ಮುಗಿಸ್ತಾನೆ."

ನಾನು ಮನಸ್ಸಿನಲ್ಲೇ ದಿನ ಎಣಿಸಿದೆ. ಚತುರ್ದಶಿಯ ಮರುದಿನವೇ ಹುಣ್ಣಿಮೆ, ಇಲ್ಲವೇ ಅಮಾವಾಸ್ಯೆ. ಅತ್ತೆ ಹೇಳಿದ್ದು ಸುಳ್ಳಲ್ಲ, ಲಲಿತಾ ನರಳುವುದು ಆ ಹೊತ್ತಿಗೇ. ಅಷ್ಟಮಿಗೆ ಆದದ್ದನ್ನು ಮಾತ್ರ ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಉಪದ್ರ ಬರುತ್ತಿದ್ದದ್ದು ಚಂದ್ರನಿಂದಲ್ಲ, ಪಂಪಿನಿಂದ. ಪರ್ವದ ದಿನ ಮದ್ದು ಬಿಡಬಾರದೆಂದು ಹಿಂದಿನ ಸಂಜೆ ಬಿಡುವುದು, ಆ ಒದ್ದೆ ಆರುವ ಮೊದಲೇ ಕತ್ತಲಲ್ಲಿ ಲಲಿತಾ ಬರಿಗೈ ಹಾಕುವುದು! ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಊರೆಲ್ಲ ಹುಡುಕಿದೆವಲ್ಲ ಎನಿಸಿತು.

ಬಿಡಾರಕ್ಕೆ ವಾಪಸು ಹೋಗಿ ಲಲಿತಾಳಿಗೆ ಹೇಳಿದೆ. ಅವಳಿಗೆ ಅರ್ಥವಾಯಿತು. ಅರ್ಥವಾದ ಕೂಡಲೇ ನನ್ನ ಕೈ ಹಿಡಿದಳು. "ಅಮ್ಮನಲ್ಲಿ ಹೇಳ್ಬೇಡಿ ಸಿಸ್ಟರ್. ಅವರಿಗೆ ಬೇಜಾರಾಗ್ತದೆ. ಇವರ ಮೇಲೆ ಬರ್ತದೆ. ಈ ಬಿಡಾರ ಬಿಟ್ರೆ ನಾವು ಹೋಗುದೆಲ್ಲಿಗೆ?"

"ಮಗು ಬೇಕಾ, ಬಿಡಾರ ಬೇಕಾ?" ಎಂದೆ. ಒರಟಾಗಿಯೇ ಹೇಳಿದೆ. ಅವಳು ಅತ್ತಳು. ಆಂಬ್ಯುಲೆನ್ಸು ಬಂದು ಅವಳನ್ನು ಕರೆದೊಯ್ದ ಮೇಲೆ ನಾನು ಮತ್ತೆ ಆ ಜಗಲಿ ಹತ್ತಿದೆ.

ಪದ್ಮಾವತಿ ಅಮ್ಮ ಪೂರ್ತಿ ಕೇಳಿದರು. ಮೊದಲು ಬಂದದ್ದು ಸಿಟ್ಟು. "ಪರ್ವ ಪಾಲಿಸಿದ್ದಕ್ಕೆ ಹೀಗಾಯ್ತು ಅಂತ ಹೇಳ್ತೀರಾ ನೀವು?"

"ಪರ್ವದಿಂದ ಅಲ್ಲ ಅಮ್ಮ. ಹಿಂದಿನ ಸಂಜೆಯಿಂದ."

ಅವರು ವಸಂತನನ್ನು ಕರೆಸಿದರು. ಅವನು ಅಂಗಳದಲ್ಲೇ ನಿಂತ. ಊರಿಗೇ ಮದ್ದು ಬಿಡುವವನು, ತನಗೆ ಏನೂ ಆಗಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು. ಸಂಜೆ ಎಷ್ಟು ಬಿಡುತ್ತೀ ಎಂದು ಕೇಳಿದಾಗ ಅವನ ಸ್ವರ ಇಳಿಯಿತು. "ಮರುದಿವಸ ಬಿಡ್ಲಿಕ್ಕಿಲ್ಲ ಅಲ್ವಾ ಅಮ್ಮ... ಸ್ವಲ್ಪ ಗಟ್ಟಿ ಮಾಡಿ ಬಿಡ್ತಿದ್ದೆ."

ಅಮ್ಮ ಜಪಮಾಲೆಯನ್ನು ಮಡಿಲಲ್ಲಿಟ್ಟು ತೋಟದ ಕಡೆ ನೋಡುತ್ತ ಕುಳಿತರು. ಅವರ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ನೋಡಿದ್ದು. "ಹುಳವನ್ನು ಉಳಿಸ್ಲಿಕ್ಕೆ ಹೋಗಿ ಹೆಣ್ಣು ಮಗಳನ್ನು ಕೊಲ್ತಿದ್ದೆನಲ್ಲ" ಎಂದರು. ಆಮೇಲೆ ವಸಂತನಿಗೆ, "ನಾಳೆಯಿಂದ ಯಾರೂ ತೋಟಕ್ಕೆ ಇಳಿಯುದು ಬೇಡ. ಈ ಮದ್ದಿನ ಗುಣ ಹೋಗುವ ತನಕ ಒಂದು ಮೊಗ್ಗೂ ಕೊಯ್ಯಬಾರದು. ಲಲಿತಾಳ ಹೆರಿಗೆ ಆಗುವ ತನಕ ಇನ್ನು ಮದ್ದೂ ಬೇಡ" ಎಂದರು.

"ಹುಳ ಬೀಳ್ತದೆ ಅಮ್ಮ."

"ಬೀಳ್ಲಿ. ತಿಂದು ಉಳಿದದ್ದು ನಮಗೆ."

ಲಲಿತಾಳನ್ನು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. 'ಪಿಂಡ, ಉಪದ್ರ' ಎಂದಿದ್ದ ಅತ್ತೆಯನ್ನು ನಾನೇ ಕೂರಿಸಿ ಎಲ್ಲ ವಿವರಿಸಿದೆ. ಅವರು ಕೇಳಿ, "ಆಗ್ಲಿ, ನೂಲು ಒಂದು ಇರ್ಲಿ ಬಾಯಮ್ಮ" ಎಂದರು. ನೂಲಿನಿಂದ ಯಾರಿಗೂ ವಿಷ ಏರುವುದಿಲ್ಲವಲ್ಲ, ಇರಲಿ ಎಂದೆ.

ಆ ಸಂಜೆ ಬಿಡಾರದ ಹೊರಗೆ ಕುಳಿತಿದ್ದಾಗ ಪರಿಮಳ ಬರತೊಡಗಿತು. ಮೊದಲು ತೆಳ್ಳಗೆ, ಆಮೇಲೆ ಗಾಳಿಯೇ ಭಾರವಾಗುವಷ್ಟು. ಬೆಳಿಗ್ಗೆ ಯಾರೂ ಕೊಯ್ಯದ ಮೊಗ್ಗುಗಳೆಲ್ಲ ಗಿಡದಲ್ಲೇ ಅರಳುತ್ತಿದ್ದವು. ಹಸಿರು ತೋಟ ನೋಡನೋಡುತ್ತ ಬಿಳಿಯಾಯಿತು. ಬಸ್ಸಿಳಿದು ಮನೆಗೆ ಹೋಗುವವರು ರಸ್ತೆಯಲ್ಲೇ ನಿಂತರು. ಬಸದಿಗೆ ಹೊರಟವರು, ಮಸೀದಿಯಿಂದ ಬರುವವರು ಬೇಲಿಯ ಹೊರಗೆ ಸಾಲುಗಟ್ಟಿ ನೋಡಿದರು. ಹತ್ತಿರ ಹೋಗಬೇಡಿ ಎಂದು ವಸಂತ ಎಲ್ಲರನ್ನೂ ತಡೆಯುತ್ತಿದ್ದ. ಹೂವಿನ ವ್ಯಾಪಾರಿ ಫೋನಿನಲ್ಲಿ ಬೈಯುವುದು ನನಗೂ ಕೇಳಿಸುತ್ತಿತ್ತು.

ಲಲಿತಾ ದೂರದಲ್ಲೇ ಕುಳಿತು, ಸೆರಗು ಹೊಟ್ಟೆಗೆ ಎಳೆದುಕೊಂಡು ನೋಡಿದಳು. "ಮದುವೆಯಾಗಿ ಬಂದಾಗಿನಿಂದ ಕೊಯ್ತಾ ಇದ್ದೇನೆ ಸಿಸ್ಟರ್" ಎಂದಳು. "ಬಿಟ್ಟು ಹೋದ ಒಂದೆರಡು ಅಲ್ಲದೆ, ಇದು ಗಿಡದಲ್ಲಿ ಅರಳಿದ್ದು ನೋಡಿದ್ದೇ ಇಲ್ಲ." ನನಗೆ ಸಂತೋಷವೂ ಆಯಿತು, ಅಳುವೂ ಬಂತು. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಸಂಜೆ ಇನ್ನೊಂದಿಲ್ಲ.

ಆಮೇಲೆ ತೋಟಕ್ಕೆ ಹುಳ ಬಿತ್ತು, ಮೊಗ್ಗು ಸೊರಗಿತು, ಅಮ್ಮ ಮಾತು ಬದಲಿಸಲಿಲ್ಲ. ಅಷ್ಟಮಿ ಬಂತು, ಚತುರ್ದಶಿ ಬಂತು, ಲಲಿತಾ ವಾಂತಿ ಮಾಡಲಿಲ್ಲ. ಮೊದಲಿನ ಮಗು ಹೋದದ್ದು ಇದರಿಂದಲೇ ಎಂದು ಸ್ಮಿತಾ ಡಾಕ್ಟರು ಹೇಳಲಿಲ್ಲ, ನಾನೂ ಹೇಳಲಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ನಮ್ಮ ಕೆಲಸವೇ. ಆದರೆ ವಸಂತ ಅದನ್ನು ಯಾರನ್ನೂ ಕೇಳಲಿಲ್ಲ. ಬೇರೆಯವರ ತೋಟಕ್ಕೂ ಮದ್ದು ಬಿಡಲು ಹೋಗುವುದನ್ನು ನಿಲ್ಲಿಸಿ ಕಲ್ಲು ಹೊರುವ ಕೆಲಸಕ್ಕೆ ಸೇರಿದ್ದ.

ದಿನ ತುಂಬಿ, ಒಂದು ಮಧ್ಯಾಹ್ನ ತಾಲೂಕು ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಸ್ವರ ಮಾತ್ರ ಇಡೀ ವಾರ್ಡಿಗೆ ಸಾಕಾಗುವಷ್ಟು. ನಾನು ಹೋದಾಗ ವಸಂತ ಬಾಗಿಲ ಹೊರಗೆ ನಿಂತಿದ್ದ. ಮಗುವನ್ನು ಎತ್ತಿಕೊಂಡು ಹೋಗಿ, "ಹಿಡ್ಕೋ ಮಾರಾಯ" ಎಂದೆ.

"ಕೈ ತೊಳೆದು ಬರ್ತೇನೆ ಸಿಸ್ಟರ್."

ಹೋಗಿ ತೊಳೆದು ಬಂದ. ಅಂಗೈ ತಿರುವಿ ನೋಡಿಕೊಂಡ. "ಇನ್ನೊಮ್ಮೆ" ಎಂದು ಮತ್ತೆ ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದರೆ ನಲ್ಲಿಯ ಕೆಳಗೆ ಬಟ್ಟೆ ಸೋಪಿನಿಂದ ಮೊಣಕೈ ತನಕ ತಿಕ್ಕುತ್ತಿದ್ದ. ಚರ್ಮ ಕೆಂಪಾಗಿತ್ತು. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು.

"ಹೋಗ್ಲಿಲ್ಲ ಅನ್ನಿಸ್ತದೆ ಸಿಸ್ಟರ್" ಎಂದ.

ನಾನು ನಲ್ಲಿ ನಿಲ್ಲಿಸಿದೆ. ಒಳಗೆ ಕರೆದುಕೊಂಡು ಬಂದು ಮಗುವನ್ನು ಅವನ ಒದ್ದೆ ಕೈಯಲ್ಲಿಟ್ಟೆ. ಮೈಗೆ ತಾಗಿಸದೆ, ದೂರದಲ್ಲಿ ಹಿಡಿದುಕೊಂಡು ನಿಂತ. ಲಲಿತಾ ಮಂಚದಿಂದಲೇ, "ಮಗುವನ್ನು ಹಾಗೆ ಹಿಡಿಯುದಾ? ಎದೆಗೆ ಹಿಡ್ಕೊಳ್ಳಿ" ಎಂದಳು.

ಅವನು ಅವಳನ್ನು ನೋಡಲಿಲ್ಲ. ನನ್ನ ಮುಖ ನೋಡಿದ.

"ಹಿಡೀಬಹುದಾ ಸಿಸ್ಟರ್?"

"ಹಿಡಿ ಮಗಾ" ಎಂದೆ.

ಆಗ ಹಿಡಿದುಕೊಂಡ.